ಸೂಜಿ ಹಾಕಿಸಿದ ತಾರೀಖು ಬರೆದಿಟ್ಟೀರೇನು?



ಪಶು ದವಾಖಾನೆಯ ಗೋಡೆಯ ಮೇಲೆ ‘ಘಟಸರ್ಪ’ ಎಂದು ಮರಾಠಿಯಲ್ಲಿ ಬರೆದದ್ದನ್ನು ನಮ್ಮ ಜತ್ತ ತಾಲೂಕಿನ ಮಕ್ಕಳು ಓದಿರಬಹುದು. ಮನುಷ್ಯರಿಗೆ ಬರುವ ಡಿಫ್ತೀರಿಯಾಕ್ಕೂ ಮರಾಠಿಯಲ್ಲಿ ಇದೇ ಹೆಸರು, ಗೊಂದಲ ಮಾಡಿಕೊಳ್ಳಬೇಡಿ. ದನಗಳ ಘಟಸರ್ಪ ಅಂದರೆ ನಮ್ಮ ಗಳಲೆ ರೋಗ, ಗಂಟಲು ಬೇನೆ. ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಮೈ ಕಾದ ಹಂಚಿನಂತೆ ಸುಡುತ್ತದೆ, ಗಂಟಲು ಬಾಯುತ್ತದೆ, ಗೊರಗೊರ ಉಸಿರು. ತಡಮಾಡಿದರೆ ಒಂದೆರಡು ದಿನದಲ್ಲೇ ದನ ಹೋಗುತ್ತದೆ.

ಈ ಬ್ಯಾಕ್ಟೀರಿಯಾ ಕೆಲವು ಆರೋಗ್ಯವಂತ ದನಗಳ ಗಂಟಲಲ್ಲೂ ಸುಮ್ಮನೆ ಇರುತ್ತದೆ. ಮಳೆಯಲ್ಲಿ ನೆನೆದಾಗ, ಮೇವಿಲ್ಲದೆ ಸೊರಗಿದಾಗ, ಯಲ್ಲಮ್ಮನ ಜಾತ್ರೆಗೆಂದು ಖಿಲಾರಿ ಎತ್ತುಗಳನ್ನು ಟೆಂಪೋದಲ್ಲಿ ಒತ್ತಿ ತುಂಬಿ ದೂರ ಒಯ್ದಾಗ ದನದ ಶಕ್ತಿ ಕುಂದುತ್ತದೆ, ಅದು ಮೇಲೇಳುತ್ತದೆ. ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಬೇಕು ಅನ್ನುವುದು ಅದಕ್ಕೇ.

ಲಸಿಕೆ ತಪ್ಪಿ ರೋಗ ಬಂದರೆ ಡಾಕ್ಟರು ಕೊಡುವ ಔಷಧಿಗಳಲ್ಲಿ ಒಂದು ಆಕ್ಸಿಟೆಟ್ರಾಸೈಕ್ಲಿನ್. ಹಿರಿಯರು ‘ಟೆರಾಮೈಸಿನ್’ ಅಂತಾರಲ್ಲ, ಅದೇ. ಇದು ಹುಟ್ಟಿದ್ದು ಮಣ್ಣಿನಲ್ಲಿ. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿ ತಯಾರಿಸುವ ಈ ವಸ್ತು 1950ರಲ್ಲಿ ಔಷಧಿಯಾಗಿ ಬಂತು. ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಗಮನಿಸಿ, ಇದು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತದೆ ಅಷ್ಟೇ. ಉಳಿದ ಕೆಲಸ ದನದ ಬಿಳಿ ರಕ್ತಕಣಗಳದು.

ಹಾಗಾದರೆ ಅರ್ಧ ಡೋಸ್ ಕೊಟ್ಟರೆ ಏನಾಗುತ್ತದೆ? ದುರ್ಬಲ ಬ್ಯಾಕ್ಟೀರಿಯಾ ಸೋಲುತ್ತವೆ, ಔಷಧಿ ತಡೆದುಕೊಳ್ಳುವಂಥವು ಉಳಿದು ಸಂತಾನ ಬೆಳೆಸುತ್ತವೆ. ಪುಸ್ತಕದಲ್ಲಿ ಓದಿದ ನೈಸರ್ಗಿಕ ಆಯ್ಕೆ ನಿಮ್ಮ ಕೊಟ್ಟಿಗೆಯಲ್ಲೇ ನಡೆಯಿತು ಅಂತ ತಿಳೀರಿ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳನ್ನು ಮನುಷ್ಯರಿಗೂ ಕೊಡುತ್ತಾರೆ, ಆದ್ದರಿಂದ ಕೊಟ್ಟಿಗೆಯ ಮಾತು ಕೊಟ್ಟಿಗೆಗೇ ಮುಗಿಯುವುದಿಲ್ಲ. ಇನ್ನು ಎಲ್ಲ ಕೆಮ್ಮಿಗೂ ಇದು ಔಷಧಿಯೂ ಅಲ್ಲ. ವೈರಸ್ಸಿಗೆ ನಾಟುವುದಿಲ್ಲ. ಗೊಟ್ಟದಲ್ಲಿ ಅವಸರದಿಂದ ಎಣ್ಣೆ ಹಾಕಿ ಅದು ಪುಪ್ಪುಸಕ್ಕೆ ಇಳಿದರೂ ದನ ಕೆಮ್ಮುತ್ತದೆ. ಯಾವುದು ಏನು ಅಂತ ಡಾಕ್ಟರೇ ನೋಡಬೇಕು. ‘ಹೋದ ಸಲದ ಬಾಟ್ಲಿ ಉಳದೈತಿ, ಅದನ್ನ ಹಾಕೂಣು’ ಅನ್ನುವ ಮಾತು ನನಗೆ ಬಿಲ್ಕುಲ್ ಸೇರುವುದಿಲ್ಲ.

ಇನ್ನು ಹಾಲಿನ ವಿಷಯ. ಸೂಜಿಯಲ್ಲಿ ಹೋದ ಔಷಧಿ ರಕ್ತದಿಂದ ಕೆಚ್ಚಲಿಗೆ, ಅಲ್ಲಿಂದ ಹಾಲಿಗೆ ಬರುತ್ತದೆ. ಕಾಯಿಸಿದರೆ ಪೂರ್ತಿ ಹೋಗುವುದಿಲ್ಲ. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಕೆಲವೊಮ್ಮೆ ಮೊಸರಾಗುವುದಿಲ್ಲ, ಯಾಕೆಂದರೆ ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾನೇ! ಆದರೆ ಮೊಸರಾಯಿತು ಅಂದ ಮಾತ್ರಕ್ಕೆ ಹಾಲು ಶುದ್ಧ ಅಂತ ಹೇಳಲಾಗದು, ಸ್ವಲ್ಪ ಪ್ರಮಾಣವಿದ್ದರೆ ಹೆಪ್ಪಿಗೆ ತಿಳಿಯುವುದಿಲ್ಲ.

ಸೂಜಿ ಹಾಕಿಸಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ಬಾಟ್ಲಿಯ ಮೇಲೆ ಅಚ್ಚು ಹಾಕಬೇಕೆಂದು 2012ರಿಂದ ನಮ್ಮ ದೇಶದಲ್ಲಿ ನಿಯಮವಿದೆ. ಅಚ್ಚಾಗಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಅಚ್ಚು ಬಹಳ ಸಣ್ಣದು, ಅದೂ ಇಂಗ್ಲಿಷಿನಲ್ಲಿ. ಅಜ್ಜನಿಗೆ ಕಾಣುವುದಿಲ್ಲ, ಅವ್ವನಿಗೆ ಬಿಡುವಿಲ್ಲ. ಹಾಗಾಗಿ ಈ ಕೆಲಸ ನಿಮ್ಮದು ಅಂತ ನನ್ನ ಅಭಿಪ್ರಾಯ. ಗೋಡೆಯ ಕ್ಯಾಲೆಂಡರಿನಲ್ಲಿ ಸೂಜಿಯ ತಾರೀಖು, ಔಷಧಿಯ ಹೆಸರು, ಹಾಲು ಮತ್ತೆ ಡೇರಿಗೆ ಹಾಕಬಹುದಾದ ತಾರೀಖು, ಈ ಮೂರನ್ನೂ ಬರೆಯಿರಿ.

‘ಸರ್, ಏಳು ದಿನ ಹಾಲು ಚೆಲ್ಲಿದ್ರ ಮನಿ ನಡೀಬೇಕಲ್ರಿ?’ ಅಂತ ನೀವು ಕೇಳುತ್ತೀರಿ. ಕೇಳಲೇಬೇಕು. ದಿನಕ್ಕೆ 8 ಲೀಟರ್, ಲೀಟರಿಗೆ 30 ರೂಪಾಯಿ ಅಂತ ಹಿಡಿದರೆ 7 ದಿನಕ್ಕೆ 1,680 ರೂಪಾಯಿ. ಒಂದೇ ಆಕಳಿರುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಈ ಭಾರವನ್ನೆಲ್ಲ ರೈತನ ಮೇಲೇ ಹೊರಿಸಿ ‘ಜಾಗೃತರಾಗಿ’ ಎಂದು ಉಪದೇಶ ಮಾಡುವುದು ನ್ಯಾಯವಲ್ಲ. ಫ್ಯಾಟ್ ಒಂದು ಪಾಯಿಂಟ್ ಇಳಿದರೆ ದರ ಕಡಿಮೆ ಮಾಡುವ ಡೇರಿಯವರು, ಪ್ರಾಮಾಣಿಕವಾಗಿ ಹಾಲು ತಡೆದವರಿಗೆ ಆ ವಾರ ಸ್ವಲ್ಪವಾದರೂ ಹಣ ಕೊಡುವ ವ್ಯವಸ್ಥೆ ಮಾಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಲು ನಿಮ್ಮ ಅಪ್ಪನಿಗೆ ಹೇಳಿ, ಕ್ಯಾಲೆಂಡರಿನ ಆ ಹಾಳೆಯನ್ನೂ ಕೈಯಲ್ಲಿ ಕೊಟ್ಟು ಕಳಿಸಿ.