ಹಾಡುಗಾರರು ಹಾಡದ ಹೊತ್ತು

ಹೆಸರಾಂತ ರಾಕ್ ಗಾಯಕರನ್ನು ಕರೆತಂದು ರೇಡಿಯೋದಲ್ಲಿ ಮಾತಿಗೆ ಕೂರಿಸುವುದು ಪಶ್ಚಿಮ ದೇಶಗಳಲ್ಲಿ ಹೊಸ ಸಂಗತಿಯೇನಲ್ಲ. ಬ್ರಿಟನ್ನಿನ ಜಾರ್ವಿಸ್ ಕಾಕರ್ 2010ರಿಂದ 2017ರವರೆಗೆ ಬಿ.ಬಿ.ಸಿ.ಯಲ್ಲಿ ಭಾನುವಾರದ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟರು. ನಿರೂಪಣೆಯನ್ನೇ ಕಸುಬಾಗಿ ಕಲಿತವರು ಹೊರಗೆ ಕಾಯುತ್ತಿರುವಾಗ ಕೀರ್ತಿವಂತರು ಒಳಹೊಕ್ಕು ಕೂರುವುದು ನ್ಯಾಯವೇ ಎಂದು ಕೇಳುವವರುಂಟು. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹೆಸರಿನ ಬಲದಿಂದಲೇ ಬಾಗಿಲು ತೆರೆಯುತ್ತದೆ. ಆದರೆ ಒಳಗೆ ಹೋದವರು ಅಲ್ಲಿ ಏನು ಮಾಡಿದರೆಂಬುದನ್ನೂ ನೋಡಬೇಕಷ್ಟೆ.

ಬಾಬ್ ಡಿಲನ್ನರ ಉದಾಹರಣೆಯನ್ನು ತೆಗೆದುಕೊಳ್ಳೋಣ. 2006ರ ಮೇ 3ರಂದು, ಅರವತ್ತೈದು ತುಂಬಲು ಮೂರು ವಾರ ಉಳಿದಿದ್ದಾಗ, ಅವರು ಅಮೆರಿಕದ ಎಕ್ಸ್‌ಎಂ ಉಪಗ್ರಹ ರೇಡಿಯೋದಲ್ಲಿ ‘ಥೀಮ್ ಟೈಮ್ ರೇಡಿಯೋ ಅವರ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ವಾರಕ್ಕೊಂದು ವಿಷಯ: ಮೊದಲು ಹವಾಮಾನ, ಆಮೇಲೆ ತಾಯಿ, ಕುಡಿತ, ಬೇಸ್‌ಬಾಲ್, ಕಾಫಿ, ಸೆರೆಮನೆ. ಆಯಾ ವಿಷಯದ ಮೇಲೆ ಪರರು ಹಾಡಿದ ಹಾಡುಗಳನ್ನು ಹಾಕುವುದು, ನಡುನಡುವೆ ಹಾಡಿದವರ ಬದುಕನ್ನು ಹೇಳುವುದು, ಒಮ್ಮೊಮ್ಮೆ ಹಳಸಿದ ಹಾಸ್ಯ. ತಟ್ಟೆಗಳ ಆಯ್ಕೆಯಲ್ಲಿ ನಿರ್ಮಾಪಕ ಎಡ್ಡಿ ಗೊರೊಡೆಟ್‌ಸ್ಕಿ ಅವರ ಭಾರಿ ಸಂಗ್ರಹದ ಪಾಲು ದೊಡ್ಡದು. ಎಲ್ಲ ಶ್ರೇಯಸ್ಸನ್ನೂ ಗಾಯಕರಿಗೇ ಕೊಡುವುದು ತಪ್ಪಾದೀತು.

ನನ್ನನ್ನು ಸೆಳೆದದ್ದು ಆ ಮೊದಲನೆಯ ಗಂಟೆಯ ಪಂಕ್ತಿ. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರಿಂದ ಮೊದಲುಮಾಡಿ ಜಿಮಿ ಹೆಂಡ್ರಿಕ್ಸ್, ಜೂಡಿ ಗಾರ್ಲೆಂಡ್, ಫ್ರ್ಯಾಂಕ್ ಸಿನಾತ್ರಾ, ಸ್ಟೀವಿ ವಂಡರ್ ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಿತ್ತು. ಇದೇನು ಮಹಾ ಎನ್ನಬಹುದು. ಆದರೆ ಅದೇ ದೇಶದಲ್ಲಿ ಕರಿಯರ ತಟ್ಟೆಗಳಿಗೆ ‘ರೇಸ್ ರೆಕಾರ್ಡ್ಸ್’, ಅಂದರೆ ಜನಾಂಗದ ತಟ್ಟೆಗಳು, ಎಂದು ಬೇರೆಯೇ ಹೆಸರಿತ್ತು; ‘ಬಿಲ್‌ಬೋರ್ಡ್’ ಪತ್ರಿಕೆ ತನ್ನ ಪಟ್ಟಿಯಿಂದ ಆ ಹೆಸರನ್ನು ತೆಗೆದದ್ದು 1949ರಲ್ಲಿ. ಹೆಸರು ಬದಲಾಯಿತು, ಪಟ್ಟಿ ಮಾತ್ರ ಬೇರೆಯಾಗಿಯೇ ಉಳಿಯಿತು! ಪಂಕ್ತಿಭೇದವೆಂದರೇನೆಂದು ನಮ್ಮ ಊರುಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಡಿಲನ್ನರಿಗೆ ಈ ಪಾಠ ರೇಡಿಯೋದಿಂದಲೇ ದೊರೆತದ್ದು. ಅವರು ಬೆಳೆದದ್ದು ಮಿನೆಸೋಟ ರಾಜ್ಯದ ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿಯ ಊರಿನಲ್ಲಿ. ಮಧ್ಯಮ ತರಂಗಗಳು ಇರುಳಿನಲ್ಲಿ ಮೇಲಣ ವಾಯುಮಂಡಲಕ್ಕೆ ತಾಗಿ ಮರಳಿ ಬಹುದೂರ ಬಂದಿಳಿಯುತ್ತವೆ. ಹಾಗೆ ದೂರದ ದಕ್ಷಿಣದ ಕೇಂದ್ರಗಳು ಬಿತ್ತರಿಸಿದ ಬ್ಲೂಸ್ ಆ ಉತ್ತರದ ಚಳಿಯೂರಿನ ಹುಡುಗನ ಕಿವಿಗೆ ಬಿತ್ತು. ಊರಿನ ಅಂಗಡಿಯಲ್ಲಿ ಏನು ಸಿಗುತ್ತಿತ್ತು, ಮನೆಯಲ್ಲಿ ಯಾರು ಏನು ಓದಿದ್ದರು ಎಂದು ತರಂಗಗಳು ಕೇಳಲಿಲ್ಲ. ಮನೆಯಲ್ಲಿ ಪುಸ್ತಕವಿಲ್ಲದವನಿಗೆ ಇಂತಹ ದನಿಯೊಂದು ಎಷ್ಟು ದೊಡ್ಡ ಉಪಾಧ್ಯಾಯನೆಂಬುದನ್ನು ನಾನು ಊಹಿಸಿ ಹೇಳುತ್ತಿಲ್ಲ.

ಆದುದರಿಂದಲೇ ನನ್ನ ದೂರು ಬೇರೆ. ಬಾಲಕ ಡಿಲನ್ ಕೇಳಿದ ರೇಡಿಯೋಗೆ ತಿಂಗಳ ಚಂದಾ ಇರಲಿಲ್ಲ. ವೃದ್ಧ ಡಿಲನ್ ಮಾತನಾಡಿದ ರೇಡಿಯೋಗೆ ತಿಂಗಳಿಗೆ ಸುಮಾರು 13 ಡಾಲರು ತೆರಬೇಕಾಗಿತ್ತು; ಗ್ರಾಹಕಯಂತ್ರದ ಬೆಲೆ ಬೇರೆ. ಒಳಗೆ ಪಂಕ್ತಿಭೇದವಿಲ್ಲ ನಿಜ, ಆದರೆ ಛತ್ರದ ಬಾಗಿಲಲ್ಲೇ ಚೀಟಿ! ಬ್ರಿಟನ್ನಿನಲ್ಲಿ ಬಿ.ಬಿ.ಸಿ.ಯೂ ಇದನ್ನು ಬಿತ್ತರಿಸಿತೆಂಬುದು ಕೊಂಚ ಸಮಾಧಾನ. ಇಂದಿನ ಹಿಬ್ಬಿಂಗಿನ ಗಣಿಯಾಳಿನ ಮಗನಿಗೆ ಇದರಿಂದ ಏನು ಬಂತು? ಹಾಡುಗಾರರನ್ನು ನಿರೂಪಕರನ್ನಾಗಿ ಮಾಡುವುದು ಸರಿಯೇ ಎಂಬ ಚರ್ಚೆಗಿಂತ ಈ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ನೂರು ಕಂತುಗಳಾದ ಮೇಲೆ, 2009ರ ಏಪ್ರಿಲಿನಲ್ಲಿ, ‘ವಿದಾಯ’ವೆಂಬ ವಿಷಯದೊಡನೆ ಕಾರ್ಯಕ್ರಮ ನಿಂತಿತು. ಕೊನೆಯ ತಟ್ಟೆ, ಡಿಲನ್ನರು ತಾರುಣ್ಯದಲ್ಲಿ ಗುರುವೆಂದು ಬಗೆದಿದ್ದ ವುಡಿ ಗಥ್ರಿಯವರದು. ಇದು ಯೋಗ್ಯವಾದ ಮುಕ್ತಾಯ. ಆದರೆ 2020ರಲ್ಲಿ ಅವರು ಎರಡು ಗಂಟೆಗಳ ಮಟ್ಟಿಗೆ ಮತ್ತೆ ಬಂದರು, ವಿಷಯ ವಿಸ್ಕಿ. ಅವರ ಪಾಲುದಾರಿಕೆಯ ವಿಸ್ಕಿ 2018ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಆ ಎರಡು ಗಂಟೆಗಳನ್ನು ನಾನು ನೂರರ ಲೆಕ್ಕಕ್ಕೆ ಸೇರಿಸುವುದಿಲ್ಲ.