ಗುಂಡಿನ ಕ್ಯಾಲೊರಿ ಲೆಕ್ಕ

ತೂಕ ಇಳಿಸಲು ಹೊರಟಿರುವ ಓದುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ: ‘ಅನ್ನ ಕಡಿಮೆ ಮಾಡಿದ್ದೇನೆ, ಸಿಹಿ ಬಿಟ್ಟಿದ್ದೇನೆ, ಬೆಳಿಗ್ಗೆ ನಡೆಯುತ್ತೇನೆ. ಸಂಜೆಯ ಗುಂಡು ಮಾತ್ರ ಬಿಡಲಾಗುತ್ತಿಲ್ಲ. ಬಿಯರ್‌ನಿಂದ ಹೊಟ್ಟೆ ಬರುತ್ತದಂತೆ. ಅದರ ಬದಲು ವಿಸ್ಕಿಯನ್ನೋ ಜಿನ್ನನ್ನೋ ತೆಗೆದುಕೊಂಡರೆ ತೂಕ ಇಳಿದೀತೆ?’

ಕುಡಿಯದ ಮೇಷ್ಟರಿಗೆ ಈ ಪ್ರಶ್ನೆ ಯಾಕೆ ಎಂದು ಕೆಲವರು ನಗಬಹುದು. ಆದರೆ ಲೆಕ್ಕ ಹಾಕಲು ಕುಡಿಯಬೇಕಾಗಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ಒಂದು ಮೂಲ ಸಂಗತಿ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ನಮಗೆ ಸುಮಾರು 4 ಕ್ಯಾಲೊರಿ ಸಿಗುತ್ತದೆ. (ವಿಜ್ಞಾನದ ಪುಸ್ತಕದಲ್ಲಿ ಇದು ಕಿಲೋಕ್ಯಾಲೊರಿ, ಜನರ ಬಾಯಲ್ಲಿ ಬರೀ ಕ್ಯಾಲೊರಿ.) ಪ್ರೋಟೀನಿನಿಂದಲೂ 4, ಕೊಬ್ಬಿನಿಂದ 9. ಮದ್ಯಸಾರ, ಅಂದರೆ ಆಲ್ಕೋಹಾಲ್‌ನಿಂದ 7. ಸಕ್ಕರೆಗಿಂತ ಹೆಚ್ಚು, ಎಣ್ಣೆಗಿಂತ ಸ್ವಲ್ಪ ಕಡಿಮೆ. ‘ವಿಸ್ಕಿಯಲ್ಲಿ ಸಕ್ಕರೆಯೂ ಇಲ್ಲ, ಕೊಬ್ಬೂ ಇಲ್ಲ’ ಎಂಬ ಮಾತು ನಿಜವೇ. ಆದರೆ ಆ ಮಾತಿನಿಂದ ಹೊಟ್ಟೆ ಕರಗುವುದಿಲ್ಲ.

ಮದ್ಯಸಾರವೂ ದೇಹಕ್ಕೆ ಇಂಧನವಾಗುತ್ತದೆ ಎಂಬುದನ್ನು ಅಳೆದು ತೋರಿಸಿದವರು ಅಮೆರಿಕದ ವಿಲ್ಬರ್ ಅಟ್‌ವಾಟರ್. 1890ರ ದಶಕದಲ್ಲಿ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಅವರು ಮನುಷ್ಯ ಒಳಗೆ ವಾಸಿಸುವಷ್ಟು ದೊಡ್ಡದಾದ ಕ್ಯಾಲೊರಿಮಾಪಕವನ್ನು ಕಟ್ಟಿಸಿದ್ದರು. ಒಳಗಿದ್ದವನು ತಿಂದದ್ದು, ಉಸಿರಾಡಿದ್ದು, ಅವನ ಮೈಯಿಂದ ಹೊರಬಿದ್ದ ಶಾಖ ಎಲ್ಲವನ್ನೂ ಅಳೆಯುತ್ತಿದ್ದರು. ಊಟದ ಒಂದು ಭಾಗವನ್ನು ತೆಗೆದು ಅಷ್ಟೇ ಶಕ್ತಿಯ ಮದ್ಯಸಾರವನ್ನು ಕೊಟ್ಟಾಗ ದೇಹ ಅದನ್ನೂ ಉರಿಸಿ ಬಳಸಿಕೊಂಡಿತು. ಪಾನವಿರೋಧಿಗಳಿಗೆ ಸಿಟ್ಟು ಬಂತು, ಮದ್ಯ ಮಾರುವವರಿಗೆ ಖುಷಿಯಾಯಿತು. ಇಬ್ಬರಿಗೂ ಬೇಡವಾದ ಇನ್ನೊಂದು ಅರ್ಥ ಅದರಲ್ಲೇ ಇತ್ತು. ಇಂಧನ ಎಂದ ಮೇಲೆ ಅದು ಲೆಕ್ಕಕ್ಕೆ ಸೇರಲೇಬೇಕು.

ಆ ಲೆಕ್ಕ ಮಾಡುವ ಬಗೆ ಹೀಗೆ. ಬಾಟಲಿಯ ಮೇಲೆ ಮದ್ಯಸಾರದ ಶೇಕಡಾ ಪ್ರಮಾಣ ಅಚ್ಚಾಗಿರುತ್ತದೆ. ಲೋಟಕ್ಕೆ ಬಗ್ಗಿಸಿದ ಮಿಲಿಲೀಟರನ್ನು ಆ ಸಂಖ್ಯೆಯಿಂದ ಗುಣಿಸಿ, 100ರಿಂದ ಭಾಗಿಸಿ. ಬಂದ ಉತ್ತರವನ್ನು ಐದೂವರೆಯಿಂದ ಗುಣಿಸಿ. ಐದೂವರೆ ಎಲ್ಲಿಂದ ಬಂತು? ಒಂದು ಮಿಲಿಲೀಟರ್ ಮದ್ಯಸಾರದ ತೂಕ 0.79 ಗ್ರಾಂ, ಅದನ್ನು 7ರಿಂದ ಗುಣಿಸಿದರೆ ಸುಮಾರು 5.5.

ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್, ಜಿನ್, ವೋಡ್ಕಾಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರವಿರುತ್ತದೆ. ಹಾಗಾದರೆ 30 ಮಿ.ಲೀ.ಗೆ 70 ಕ್ಯಾಲೊರಿ, 60ಕ್ಕೆ 140, ‘ನೈಂಟಿ’ಗೆ 210, ‘ಕ್ವಾರ್ಟರ್’ ಎನ್ನುವ 180 ಮಿ.ಲೀ.ಗೆ 420. ಬಣ್ಣ ಕೆಂಪಾದರೂ ಇಷ್ಟೇ, ನೀರಿನಂತೆ ತಿಳಿಯಾಗಿದ್ದರೂ ಇಷ್ಟೇ. ರಮ್ ಅನ್ನು ಕಬ್ಬಿನ ಕಾಕಂಬಿಯಿಂದ ಮಾಡುತ್ತಾರೆ, ಆದ್ದರಿಂದ ಅದರಲ್ಲಿ ಸಕ್ಕರೆ ಹೆಚ್ಚು ಎಂಬುದೂ ತಪ್ಪು ಕಲ್ಪನೆ. ಭಟ್ಟಿ ಇಳಿಸುವಾಗ ಸಕ್ಕರೆ ಹಂಡೆಯಲ್ಲೇ ಉಳಿದುಬಿಡುತ್ತದೆ.

ಇನ್ನು ಬಿಯರ್. 650 ಮಿ.ಲೀ. ಬಾಟಲಿ, ಶೇ 5ರ ಮದ್ಯಸಾರ ಎಂದರೆ 180 ಕ್ಯಾಲೊರಿ. ಅದರಲ್ಲಿ ಉಳಿದಿರುವ ಪಿಷ್ಟದಂಶ ಸೇರಿದರೆ ಸುಮಾರು 260. ಶೇ 8ರ ‘ಸ್ಟ್ರಾಂಗ್’ ಆದರೆ ಮದ್ಯಸಾರದ್ದೇ 285. ಒಟ್ಟು 350 ದಾಟುತ್ತದೆ. ಶೇ 12ರ ಸಿಹಿಯಿಲ್ಲದ ವೈನ್ 150 ಮಿ.ಲೀ.ಗೆ ಮದ್ಯಸಾರದಿಂದ 100, ಉಳಿದದ್ದೆಲ್ಲ ಸೇರಿ ಅದಕ್ಕಿಂತ ಸ್ವಲ್ಪ ಹೆಚ್ಚು. ಸಿಹಿ ವೈನ್ ಆದರೆ ಸಕ್ಕರೆಯ ಲೆಕ್ಕ ಬೇರೆ.

ಆದ್ದರಿಂದ ಪತ್ರ ಬರೆದ ಓದುಗರಿಗೆ ಉತ್ತರ ಇಷ್ಟು: ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಬಿಟ್ಟು 60 ಮಿ.ಲೀ. ವಿಸ್ಕಿಗೆ ನಿಂತರೆ ಲೆಕ್ಕದಲ್ಲಿ ಲಾಭವಿದೆ. ಬಿಯರ್ ಬಿಟ್ಟು ಕ್ವಾರ್ಟರ್ ಹಿಡಿದರೆ ನಷ್ಟ. ಹೊಟ್ಟೆ ನೋಡುವುದು ಬಾಟಲಿಯ ಹೆಸರನ್ನಲ್ಲ, ಒಳಗೆ ಹೋದ ಮದ್ಯಸಾರದ ಗ್ರಾಂಗಳನ್ನು.

‘ಲೈಟ್’ ಬಿಯರ್ ಇದೆಯಲ್ಲ ಎನ್ನುವವರಿದ್ದಾರೆ. ಅದನ್ನು ರೂಪಿಸಿದವರು ನ್ಯೂಯಾರ್ಕಿನ ಜೀವರಸಾಯನ ವಿಜ್ಞಾನಿ ಜೋಸೆಫ್ ಓವೇಡ್ಸ್. ಯೀಸ್ಟ್ ತಿನ್ನಲಾರದೆ ಬಿಯರ್‌ನಲ್ಲಿ ಉಳಿಯುವ ಪಿಷ್ಟದ ತುಣುಕುಗಳನ್ನು ಒಂದು ಕಿಣ್ವದಿಂದ ಒಡೆದು, ಯೀಸ್ಟಿಗೆ ತಿನ್ನಿಸುವುದು ಅವರ ಉಪಾಯ. 1967ರಲ್ಲಿ ‘ಡಯಟ್ ಬಿಯರ್’ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದು ಸೋತಿತು. 1975ರಲ್ಲಿ ಇನ್ನೊಂದು ಕಂಪನಿ ‘ಲೈಟ್’ ಎಂಬ ಹೆಸರಿನಲ್ಲಿ ಅಮೆರಿಕದಾದ್ಯಂತ ಮಾರಿ ಗೆದ್ದಿತು. ಆದರೆ ಇಲ್ಲಿ ಹೋದದ್ದು ಪಿಷ್ಟ. ಮದ್ಯಸಾರ ಇಳಿದದ್ದು ಶೇ 5ರಿಂದ ಶೇ 4ರ ಆಸುಪಾಸಿಗೆ ಅಷ್ಟೆ. ಹೆಸರು ಲೈಟ್ ಎಂದು ಎರಡರ ಬದಲು ಮೂರು ಕುಡಿದರೆ ಉಳಿತಾಯ ಅಲ್ಲೇ ಮುಗಿಯಿತು.

ಲೋಟದ ಕ್ಯಾಲೊರಿಗೆ ಜೊತೆಗಾರರೂ ಇದ್ದಾರೆ. 200 ಮಿ.ಲೀ. ಕೋಲಾದಲ್ಲಿ ಸುಮಾರು ಐದು ಚಿಕ್ಕ ಚಮಚ ಸಕ್ಕರೆ, ಅಂದರೆ 80ಕ್ಕೂ ಹೆಚ್ಚು ಕ್ಯಾಲೊರಿ. ಜಿನ್ನಿಗೆ ಬೆರೆಸುವ ಟಾನಿಕ್ ವಾಟರ್ ಹೆಸರಿಗೆ ಟಾನಿಕ್, ರುಚಿಗೆ ಕಹಿ. ಆದರೂ ಕೋಲಾಕ್ಕಿಂತ ತುಸು ಕಡಿಮೆ ಸಕ್ಕರೆ ಅದರಲ್ಲೂ ಇರುತ್ತದೆ. ನೀರು, ಸೋಡ, ನಿಂಬೆಹುಳಿ ಇವುಗಳ ಕ್ಯಾಲೊರಿ ಲೆಕ್ಕಕ್ಕಿಲ್ಲ. ಸಕ್ಕರೆಯಿಲ್ಲದ ಡಯಟ್ ಕೋಲಾದಲ್ಲಿ ಕ್ಯಾಲೊರಿ ಇಲ್ಲ ನಿಜ, ಆದರೆ ಸಕ್ಕರೆ ಇಲ್ಲದಿದ್ದರೆ ಮದ್ಯ ಜಠರದಿಂದ ಬೇಗ ಮುಂದೆ ಸಾಗಿ ರಕ್ತಕ್ಕೆ ಬೇಗ ಏರುತ್ತದೆ ಎಂಬುದು ನೆನಪಿರಲಿ.

ನೆಂಚಿಕೊಳ್ಳುವ ತಿಂಡಿಯ ಕಥೆ ಇನ್ನೂ ದೊಡ್ಡದು. ಮಾತಾಡುತ್ತ ಮಾತಾಡುತ್ತ ಮುಗಿಸುವ 50 ಗ್ರಾಂ ಕಾಂಗ್ರೆಸ್ ಕಡಲೆಬೀಜಕ್ಕೆ ಸುಮಾರು 280 ಕ್ಯಾಲೊರಿ, ಅಷ್ಟೇ ತೂಕದ ಚಿಪ್ಸ್‌ಗೆ ಸುಮಾರು 270. ಕುಡಿದದ್ದಕ್ಕಿಂತ ತಿಂದದ್ದೇ ಹೆಚ್ಚಾಯಿತು! ಎಣ್ಣೆಯಲ್ಲಿ ಕರಿದ ಕಬಾಬು, ಗೋಬಿ ಮಂಚೂರಿಗಳ ಮಾತು ಬೇರೆ ಹೇಳಬೇಕಿಲ್ಲ. ಹೆಚ್ಚಿದ ಸೌತೆಕಾಯಿ 100 ಗ್ರಾಂ ತಿಂದರೂ 15 ಕ್ಯಾಲೊರಿ ಆಸುಪಾಸು.

ಹೊಟ್ಟೆಯ ಸುತ್ತ ಬೊಜ್ಜು ಕೂರುವುದು ಹೇಗೆ? ಮದ್ಯಸಾರವನ್ನು ಕೂಡಿಡಲು ದೇಹದಲ್ಲಿ ಉಗ್ರಾಣವಿಲ್ಲ. ಪಿತ್ತಜನಕಾಂಗ, ಅಂದರೆ ಲಿವರ್, ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿಸಿ, ಆಮೇಲೆ ಅಸಿಟೇಟ್ ಆಗಿಸಿ ಸಾಗಹಾಕುತ್ತದೆ. ಆ ಅಸಿಟೇಟನ್ನು ದೇಹ ಮೊದಲ ಸರದಿಯಲ್ಲಿ ಉರಿಸುತ್ತದೆ. ಅಷ್ಟು ಹೊತ್ತು ಕೊಬ್ಬು ಸಾಲಿನಲ್ಲಿ ಹಿಂದೆ ನಿಂತಿರಬೇಕು. ಗಂಟೆಗೆ ಕರಗುವುದು ಸುಮಾರು 7ರಿಂದ 10 ಗ್ರಾಂ, 60 ಮಿ.ಲೀ. ವಿಸ್ಕಿಯಲ್ಲಿರುವುದು 20 ಗ್ರಾಂ. ಎಂದರೆ ಎರಡು ಮೂರು ಗಂಟೆ ಕಾಲ ಕಬಾಬಿನ ಕೊಬ್ಬು ಖರ್ಚಾಗದೆ ಜಮೆಯಾಗುತ್ತ ಹೋಗುತ್ತದೆ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ‘ರಾತ್ರಿ ಊಟ ಬಿಟ್ಟರೆ ಗುಂಡಿನ ಲೆಕ್ಕ ಸರಿಹೋಗುತ್ತದೆ’ ಎಂದುಕೊಳ್ಳುವವರು ಬಹಳ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಮಾಡಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಹಸಿದಾಗ ರಕ್ತಕ್ಕೆ ಗ್ಲೂಕೋಸ್ ಒದಗಿಸುವುದು ಲಿವರ್. ಅದು ಮದ್ಯದ ಕೆಲಸದಲ್ಲಿ ಮುಳುಗಿದ್ದರೆ ಹೊಸ ಗ್ಲೂಕೋಸ್ ತಯಾರಿಕೆ ಕುಂಠಿತವಾಗುತ್ತದೆ. ಇತ್ತ ಮಾತ್ರೆ ತನ್ನ ಕೆಲಸ ಬಿಡುವುದಿಲ್ಲ. ಸಕ್ಕರೆ ಅಂಶ ತೀರಾ ಕುಸಿಯುತ್ತದೆ. ಆಗ ಮೈ ಬೆವರುವುದು, ನಾಲಿಗೆ ತೊದಲುವುದು, ಕಾಲು ತಡವರಿಸುವುದು, ಮಂಪರು ಕವಿಯುವುದು, ಎಲ್ಲವೂ ಅಮಲಿನಂತೆಯೇ ಕಾಣುತ್ತದೆ. ‘ಜಾಸ್ತಿಯಾಗಿದೆ, ಮಲಗಿಕೊಳ್ಳಲಿ’ ಎಂದು ಮನೆಯವರು ಹೊದಿಸಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅನಾಹುತವಾಗಿರಬಹುದು. ಇಂಥವರ ಮನೆಯಲ್ಲಿ ಸಂದೇಹ ಬಂದ ಕೂಡಲೇ ರಕ್ತದ ಸಕ್ಕರೆ ಪರೀಕ್ಷಿಸಬೇಕು. ಎಚ್ಚರವಿದ್ದು ನುಂಗಬಲ್ಲವರಾದರೆ ಸಕ್ಕರೆ ನೀರು ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಮಾಡುವುದೇನು? ದಿನವೂ ನೈಂಟಿ ಹಾಕುವವರನ್ನು ತೆಗೆದುಕೊಳ್ಳೋಣ. 210 ಕ್ಯಾಲೊರಿ ಎಂದರೆ ಮಧ್ಯಮ ಗಾತ್ರದ ಎರಡು ಚಪಾತಿ, ಕುಳಿತು ಕೆಲಸ ಮಾಡುವ ಗಂಡಸಿನ ದಿನದ ಅಗತ್ಯದಲ್ಲಿ ಹತ್ತನೆಯ ಒಂದು ಭಾಗ. ಅದನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರೆ ತಿಂಗಳಿಗೆ ಸುಮಾರು 4,400 ಕ್ಯಾಲೊರಿ ಉಳಿಯಿತು. ಒಂದು ಕಿಲೋ ಬೊಜ್ಜಿಗೆ 7,700 ಎಂದು ಹಿಡಿದರೆ, ಊಟ ಬದಲಾಗದಿದ್ದಲ್ಲಿ, ಅರ್ಧ ಕಿಲೋಗೂ ಮೀರಿದ ಲೆಕ್ಕ. ಬ್ರ್ಯಾಂಡ್ ಬದಲಿಸಿ ಇಷ್ಟು ಉಳಿಸುವುದು ಸಾಧ್ಯವೇ ಇಲ್ಲ. ಮನೆಯಲ್ಲಿ ಕುಡಿಯುವವರು ಕಣ್ಣಳತೆಯಲ್ಲಿ ಬಗ್ಗಿಸಬಾರದು. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆ ಹಾಕಿದ ಮುಚ್ಚಳವೂ ಸಾಕು, ಅಳೆದೇ ಹಾಕಲಿ. ಊಟ ಮೊದಲು ಆಗಲಿ.

ಬಹಳ ವರ್ಷಗಳಿಂದ ದಿನವೂ ಹೆಚ್ಚು ಕುಡಿಯುವವರು ಮಾತ್ರ ತೂಕದ ಆಸೆಗೆ ಒಮ್ಮೆಲೇ ನಿಲ್ಲಿಸಬಾರದು. ಕೈ ನಡುಕ, ಫಿಟ್ಸ್ ಬರಬಹುದು. ವೈದ್ಯರನ್ನು ಕಂಡು ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಇದೆಲ್ಲ ತೂಕದ ಲೆಕ್ಕವಾಯಿತು. ಮದ್ಯ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿ ಮಾಡಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕಡಿಮೆ ಕ್ಯಾಲೊರಿಯ ಮದ್ಯ ಯಾವುದು ಎಂದು ಅಂಗಡಿಯ ಸಾಲಿನಲ್ಲಿ ಹುಡುಕುವುದು ಬೇಡ. ಬಾಟಲಿಯಲ್ಲೇ ಉಳಿದದ್ದು ಎಲ್ಲಕ್ಕಿಂತ ಕಡಿಮೆ ಕ್ಯಾಲೊರಿಯದು.