ಬಾಗಿಲು ಹಳೇದು, ಸಿಲಿಂಡರ್ ಹೊಸದು

‘ಸಿಲಿಂಡರ್ ಬದಲಿ ಮಾಡಬೇಕು’ ಅಂದರೆ ನಮ್ಮ ಹಾನಗಲ್ಲಿನಲ್ಲಿ ಎಲ್ಲರ ಕಣ್ಣು ಅಡುಗೆಮನೆ ಕಡೆ ಹೋಗುತ್ತದೆ. ಅವ್ವನೂ ಫೋನಿನಲ್ಲಿ ‘ಮೊನ್ನೇನ ತುಂಬಿದ್ದು ಬಂದೈತಲ್ಲ’ ಅಂದಳು. ನಾನು ಹೇಳುತ್ತಿದ್ದದ್ದು ಮುಂಬಾಗಿಲಿನ ಸಿಲಿಂಡರ್. ಕೀಲಿಕೈ ತೂರಿಸಿ ತಿರುಗಿಸುತ್ತೇವಲ್ಲ, ಆ ಹಿತ್ತಾಳೆಯ ತುಂಡು. ಬಾಗಿಲು ಮುಟ್ಟದೆ, ಇಡೀ ಲಾಕ್ ಕೀಳದೆ, ಅದೊಂದನ್ನೇ ಬಿಚ್ಚಿ ಬೇರೆಯದು ಹಾಕಬಹುದು. ಒಂದೇ ಒಂದು ಸ್ಕ್ರೂ. ಇದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಬಡಿಗೇರರನ್ನು ಕರೆದರೆ ಕೆಲವರು ಬಾಗಿಲನ್ನೇ ಬದಲಿಸಲು ಹೇಳುತ್ತಾರೆ.

ಬೆಂಗಳೂರು ಕಡೆಯ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಬೀಗಕ್ಕೆ ಕೀಲಿ ಅಂತಾರೆ, ಬೀಗದ ಕೈಗೆ ಕೀಲಿಕೈ ಅಥವಾ ಚಾವಿ. ಚಾವಿ ಪೋರ್ಚುಗೀಸರಿಂದ ಬಂದ ಪದ. ಬೀಗ ಅಂದರೆ ನಮ್ಮವರಿಗೆ ಮೊದಲು ನೆನಪಾಗುವವರು ಬೀಗರು, ಅವರಿಗೆ ಚಹಾ ಇಡಬೇಕು.

ಬದಲಿ ಮಾಡುವ ಪ್ರಸಂಗ ಯಾಕೆ ಬಂತು ಅಂದರೆ, ಸವಣೂರಿನ ತವರುಮನೆಯಿಂದ ಬರುವಾಗ ಬಸ್ಸಿನಲ್ಲಿ ಅವ್ವನ ಪರ್ಸ್ ಹೋಯಿತು. ಮುನ್ನೂರು ರೂಪಾಯಿ, ಮನೆ ಕೀಲಿಕೈ, ಆಧಾರ್ ಕಾರ್ಡಿನ ಜೆರಾಕ್ಸ್. ಅವ್ವನಿಗೆ ಮುನ್ನೂರು ರೂಪಾಯಿಯ ಚಿಂತೆ. ನನಗೆ ಕೀಲಿಕೈ ಮತ್ತು ಜೆರಾಕ್ಸ್ ಒಟ್ಟಿಗೆ ಹೋದದ್ದರ ಚಿಂತೆ. ಬರೀ ಕೀಲಿಕೈ ಸಿಕ್ಕವನಿಗೆ ಅದು ಯಾವ ಬಾಗಿಲಿನದು ಗೊತ್ತಾಗಲ್ಲ. ಇಲ್ಲಿ ಮಾತ್ರ ಓಣಿ, ಮನೆ ನಂಬರು, ಊರು, ಪಿನ್ ಕೋಡ್ ಸಮೇತ ಅಡ್ರೆಸ್ ಕೈಗೆ ಕೊಟ್ಟ ಹಾಗಾಗಿದೆ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅವ್ವ ಒಬ್ಬಳೇ.

ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಅಪ್ಪ ಇದ್ದಾಗ ಮಾಡಿಸಿದ ಕೀಲಿಕೈಗಳು ಆರು. ಒಂದು ಅವ್ವನದು, ಕಳೆದದ್ದು ಅದೇ. ಒಂದು ನನ್ನದು, ಒಂದು ಸವಣೂರಿನ ಮಾವನ ಹತ್ತಿರ, ಒಂದು ದೇವರ ಮನೆಯ ಡಬ್ಬಿಯಲ್ಲಿ. ಉಳಿದೆರಡು? ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದವರಿಗೆ ಒಂದು ಕೊಟ್ಟಿದ್ದ ನೆನಪು, ಇನ್ನೊಂದು ಹೊಲದ ಆಳಿಗಿರಬಹುದು. ಅವರು ಯಾರೂ ಕೆಟ್ಟವರಲ್ಲ. ಆದರೆ ನಮ್ಮ ಆಫೀಸಿನಲ್ಲಿ ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಸಂಜೆಯೊಳಗೆ ಬಂದ್ ಆಗುತ್ತದೆ, ಮನೆ ಕೀಲಿಕೈ ಮಾತ್ರ ಇಪ್ಪತ್ತು ವರ್ಷ ಯಾರದೋ ಗೂಟದಲ್ಲಿ ತೂಗಾಡುತ್ತಿರುತ್ತದೆ. ಸಿಲಿಂಡರ್ ಬದಲಿಸುವುದು ಅಂದರೆ ಪಾಸ್‌ವರ್ಡ್ ಬದಲಿಸಿದಂತೆ. ಆ್ಯಪ್ ಅದೇ, ಹಳೆಯ ಕೈಗಳೆಲ್ಲ ಒಂದೇ ಏಟಿಗೆ ರದ್ದು.

ಮೊದಲು ನಿಮ್ಮ ಬಾಗಿಲಿನಲ್ಲಿ ಸಿಲಿಂಡರ್ ಇದೆಯೋ ಇಲ್ಲವೋ ನೋಡಿ. ಎಲ್ಲ ಹಳೆಯ ಬಾಗಿಲಲ್ಲೂ ಇರುವುದಿಲ್ಲ. ಹಿರೇಕೆರೂರಿನ ಚಿಗವ್ವನ ಮನೆಗೆ ಎರಡು ಕದದ ಬಾಗಿಲು, ಒಳಗೆ ಅಗಳಿ, ಹೊರಗೆ ಸರಪಳಿ, ಅದಕ್ಕೊಂದು ಜೋತಾಡುವ ಕೀಲಿ. ಅಲ್ಲಿ ಬದಲಿಸಲು ಏನೂ ಇಲ್ಲ, ಬೇರೆ ಕೀಲಿ ತಂದರೆ ಮುಗಿಯಿತು. ಸವಣೂರಿನ ಮಾವನ ಬಾಗಿಲಲ್ಲಿ ಲಾಕ್ ಕದದೊಳಗೇ ಹುದುಗಿದೆ, ಆದರೆ ಕೀಲಿಕೈ ಉದ್ದ, ದುಂಡು ಕಡ್ಡಿಯ ತುದಿಗೆ ಸಣ್ಣ ಬಾವುಟ ಕಟ್ಟಿದ ಹಾಗೆ, ತೂತಿನಲ್ಲಿ ಕಣ್ಣಿಟ್ಟರೆ ಪಡಸಾಲೆ ಕಾಣುತ್ತದೆ. ಅದು ಲಿವರ್ ಲಾಕ್. ಅದರಲ್ಲಿ ಸಿಲಿಂಡರ್ ಇರಲ್ಲ, ಬದಲಿಸುವುದಾದರೆ ಪೂರ್ತಿ ಲಾಕ್ ಬದಲಿಸಬೇಕು. ನಮ್ಮ ಹಾನಗಲ್ಲಿನ ಮನೆಯದು ಚಪ್ಪಟೆ ಕೀಲಿಕೈ, ಅಂಚಿಗೆ ಗರಗಸದ ಹಲ್ಲು. ಇದು ಸಿಲಿಂಡರ್.

ಇದರ ಒಳಗಿನ ಉಪಾಯ ಹಳೆಯದೇ. ಅಮೆರಿಕದ ಲೈನಸ್ ಯೇಲ್ ಅನ್ನುವ ಅಪ್ಪ–ಮಗ ಇಬ್ಬರೂ ಲಾಕ್ ಮಾಡುವವರು. ಈಗ ನಾವು ಬಳಸುವ ಚಪ್ಪಟೆ ಕೀಲಿಕೈಯ ರೂಪ 1860ರ ದಶಕದಲ್ಲಿ ಮಗನಿಂದ ಬಂತು. ನಮ್ಮಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಕೀಲಿ ಮಾಡಲು ಶುರು ಮಾಡಿದ್ದು 1897ರಲ್ಲಿ. ಸಿಲಿಂಡರಿನೊಳಗೆ ಐದೋ ಆರೋ ಜೋಡಿ ಸಣ್ಣ ಪಿನ್ನುಗಳು, ಮೇಲೊಂದು ಸ್ಪ್ರಿಂಗ್. ಸರಿಯಾದ ಕೀಲಿಕೈಯ ಹಲ್ಲು ಎಲ್ಲ ಪಿನ್ನುಗಳನ್ನೂ ಎತ್ತಿ, ಜೋಡಿಗಳ ನಡುವಿನ ಸೀಳನ್ನು ಒಂದೇ ಗೆರೆಗೆ ತಂದಾಗ ಮಾತ್ರ ಅದು ತಿರುಗುತ್ತದೆ. ಒಂದು ಪಿನ್ ಕೂದಲೆಳೆಯಷ್ಟು ಮೇಲೆ ನಿಂತರೂ ತಿರುಗಲ್ಲ. ಅಷ್ಟೇ ಕಥೆ.

ಶಿಗ್ಗಾಂವಿಯಲ್ಲಿ ಹೊಸ ಮನೆ ಕಟ್ಟಿಸಿದ ಕಾಕಾನ ಮಗ ‘ಸ್ಮಾರ್ಟ್ ಲಾಕ್ ಹಾಕ್ಸಿಬಿಡು, ನಮ್ಮನ್ಯಾಗ ಬೆರಳಿಟ್ರ ತೆಗೀತೈತಿ’ ಅಂದ. ಸಾಫ್ಟ್‌ವೇರ್ ಕೆಲಸದವಳು ನಾನೇ ಬೇಡ ಅಂದದ್ದಕ್ಕೆ ಅವನಿಗೆ ಆಶ್ಚರ್ಯ. ಅವ್ವನ ಹೆಬ್ಬೆರಳು ನಲವತ್ತು ವರ್ಷ ಕಸಬರಿಗೆ, ಬೂದಿ, ಒನಕೆ ಕಂಡದ್ದು. ರೇಷನ್ ಅಂಗಡಿಯ ಯಂತ್ರವೇ ಮೂರು ಸಲ ಒರೆಸಿ ಒತ್ತಿದರೂ ಅದನ್ನು ಗುರುತಿಸಲ್ಲ. ಇನ್ನು ಬಾಗಿಲು ಗುರುತಿಸುತ್ತಾ?

ನನಗೆ ನಿದ್ದೆ ಕೆಡಿಸಿದ ಪ್ರಶ್ನೆ ಬೇರೆ. ಅವ್ವ ರಾತ್ರಿ ಒಳಗಿನಿಂದ ಕೀಲಿ ಹಾಕಿ, ಕಳೆಯಬಾರದು ಅಂತ ಕೀಲಿಕೈ ಅಲ್ಲೇ ತೂತಿನಲ್ಲಿ ಬಿಡುತ್ತಾಳೆ. ಸಾಮಾನ್ಯ ಸಿಲಿಂಡರಿನಲ್ಲಿ ಒಳಗೆ ಒಂದು ಕೀಲಿಕೈ ಇದ್ದರೆ ಹೊರಗಿನದು ಕೆಲಸ ಮಾಡುವುದಿಲ್ಲ. ಅಂದರೆ ಪಕ್ಕದ ಮನೆಯವರ ಕೈಯಲ್ಲಿ ಕೀಲಿಕೈ ಇದ್ದೂ ಇಲ್ಲದ ಹಾಗೆ. ನಮ್ಮ ಓಣಿಯ ಒಬ್ಬ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದಾಗ ಮುಂಬಾಗಿಲು ಮೀಟಲು ಹಾರೆ ಹುಡುಕಿ ತರುವಷ್ಟರಲ್ಲಿ ಅರ್ಧ ತಾಸು ಹೋಗಿತ್ತು. ಒಳಗಿನಿಂದ ಅಜ್ಜನ ದನಿ ಕೇಳುತ್ತಿತ್ತಂತೆ. ನಾವು ಲಾಕ್ ಬಗ್ಗೆ ಮಾತಾಡುವಾಗ ಬರೀ ಕಳ್ಳನ ವಿಚಾರ ಮಾಡುತ್ತೇವೆ. ಒಬ್ಬಂಟಿ ಹಿರಿಯರ ಮನೆಯಲ್ಲಿ ಒಳಗೆ ಬರಬೇಕಾದವರು ಬರಲಾಗದಿರುವುದು ಅದಕ್ಕಿಂತ ದೊಡ್ಡ ಅಪಾಯ ಅಂತ ನನ್ನ ಅಭಿಪ್ರಾಯ.

ಅದಕ್ಕೇ ಹೊರಗೆ ಕೀಲಿಕೈ, ಒಳಗೆ ತಿರುಗಿಸುವ ಗುಂಡಿ ಇರುವ ಸಿಲಿಂಡರ್ ಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡೆ. ಒಳಗೆ ಕೀಲಿಕೈಯೇ ಇರಲ್ಲವಾದ್ದರಿಂದ ಹೊರಗಿನದು ಯಾವಾಗಲೂ ನಡೆಯುತ್ತದೆ. ಅವಸರದಲ್ಲಿ ಹೊರಗೆ ಓಡಬೇಕಾದರೂ ಕತ್ತಲೆಯಲ್ಲಿ ಕೀಲಿಕೈ ತಡಕಾಡಬೇಕಿಲ್ಲ. ಒಂದೇ ಎಚ್ಚರಿಕೆ: ಬಾಗಿಲಿಗೆ ಗಾಜಿದ್ದರೆ, ಅಥವಾ ಪಕ್ಕದ ಕಿಟಕಿಯಿಂದ ಕೈ ಹಾಕಿದರೆ ಗುಂಡಿ ಎಟುಕುವಂತಿದ್ದರೆ ಇದು ಬೇಡ. ನಮ್ಮ ಕಿಟಕಿಯ ಸರಳಿನೊಳಗೆ ನಾನೇ ಭುಜದವರೆಗೆ ಕೈ ತೂರಿಸಿ ನೋಡಿದೆ. ಎಟುಕಲಿಲ್ಲ. ದಾರಿಯಲ್ಲಿ ಹೋಗುವವರು ಒಂದು ಥರಾ ನೋಡಿದರು.

ಅಂಗಡಿಗೆ ಹೋಗುವ ಮುಂಚೆ ಅಳತೆ. ಬಾಗಿಲು ತೆರೆದು ಕದದ ದಪ್ಪದ ಬದಿ ನೋಡಿ. ಲಾಕಿನ ಪಟ್ಟಿಯಲ್ಲಿ, ಕೀಲಿತೂತಿನ ಮಟ್ಟಕ್ಕೆ ಸರಿಯಾಗಿ, ಒಂಟಿ ಸ್ಕ್ರೂ ಇರುತ್ತದೆ. ಅದರ ನಡುವಿನಿಂದ ಸಿಲಿಂಡರಿನ ಹೊರತುದಿಗೆ ಎಷ್ಟು, ಒಳತುದಿಗೆ ಎಷ್ಟು, ಎರಡನ್ನೂ ಬೇರೆ ಬೇರೆ ಅಳೆಯಿರಿ. 60 ಮಿ.ಮೀ. ಅಂದರೆ 30–30 ಅಂತಲೇ ಅಲ್ಲ. ಹಳೆಯ ಸಾಗವಾನಿ ಕದಗಳು ದಪ್ಪ, ನಮ್ಮದು 35–35, ಒಟ್ಟು 70. ಹೊರಗಡೆ ಪಟ್ಟಿಯಿಂದ ಮೂರು ಮಿ.ಮೀ.ಗಿಂತ ಹೆಚ್ಚು ಚಾಚಿಕೊಂಡರೆ ಪಕ್ಕಡದಲ್ಲಿ ಹಿಡಿದು ಮುರಿಯಲು ಸುಲಭ. ಹಳೆಯದನ್ನು ಬಿಚ್ಚಿ ಕೈಯಲ್ಲೇ ಒಯ್ದರೆ ಇನ್ನೂ ಒಳ್ಳೆಯದು, ಆದರೆ ಅಷ್ಟು ಹೊತ್ತು ಮನೆಯಲ್ಲಿ ಯಾರಾದರೂ ಇರಬೇಕು. ಅಂಗಡಿಯವರು ಕೇಳಿದ್ದೂ ಅದನ್ನೇ, ‘ತಂಗಿ, ಎಷ್ಟ ಎಂ.ಎಂ.?’ ಗುಂಡಿಯ 70ರದು ಅವರಲ್ಲಿ ಇರಲಿಲ್ಲ, ತರಿಸಿಕೊಡಲು ಎರಡು ದಿನ ಹಿಡಿಯಿತು. 850 ರೂಪಾಯಿ, ಜೊತೆಗೆ ಮೂರು ಕೀಲಿಕೈ. ಅಂಚಿಗೆ ಹಲ್ಲಿಲ್ಲ, ಮೈಮೇಲೆ ಸಣ್ಣ ಸಣ್ಣ ಗುಳಿಗಳಿರುವ ಬಗೆ. ಬಜಾರಿನಲ್ಲಿ ಅರ ಹಿಡಿದು ಕೂತವರು ಐದು ನಿಮಿಷದಲ್ಲಿ ನಕಲು ಮಾಡಿಕೊಡುವಂಥದ್ದಲ್ಲ. ಇದು ಲಾಭವೂ ಹೌದು, ಒಂದು ತಲೆನೋವೂ ಹೌದು.

‘ನೀ ಯಾಕ ಮಾಡ್ತೀ ಬೇ, ಬಡಿಗ್ಯಾರನ್ನ ಕರೀತೇನಿ ತಡಿ’ ಅಂತ ಅವ್ವ ಅನ್ನುವಷ್ಟರಲ್ಲಿ ಸ್ಕ್ರೂ ಹೊರಬಂದಿತ್ತು. ಅದು ಬಂದರೂ ಸಿಲಿಂಡರ್ ನೇರವಾಗಿ ಜಾರುವುದಿಲ್ಲ. ಅದರ ನಡುವೆ ಒಂದು ಹಲ್ಲಿದೆ, ಲಾಕನ್ನು ಎಳೆಯುವುದು ಅದೇ. ಕೀಲಿಕೈ ಹಾಕಿ ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಹೋಗುವುದಕ್ಕಿಂತ ತುಸು ಕಮ್ಮಿ ತಿರುಗಿಸಿ, ಆ ಹಲ್ಲು ಮೈಯೊಳಗೆ ಸರಿದಾಗ ತಳ್ಳಿದರೆ ಬರುತ್ತದೆ. ಒಂದು ಕಡೆ ತಿರುಗಿಸಿ ಬರದಿದ್ದರೆ ಇನ್ನೊಂದು ಕಡೆ. ಸುತ್ತಿಗೆ ಬೇಡ. ಹೊಸದನ್ನು ಹಾಗೇ ತೂರಿಸಿ ಸ್ಕ್ರೂ ಬಿಗಿ ಮಾಡಿ, ಅತಿಯಾಗಿ ಅಲ್ಲ. ಆಮೇಲೆ ಬಾಗಿಲು ತೆರೆದೇ ಇಟ್ಟು ಮೂರೂ ಕೀಲಿಕೈಯಿಂದ ಹತ್ತು ಹತ್ತು ಸಲ ನಾಲಗೆ ಹೊರಗೆ ತಂದು ಒಳಗೆ ಕಳಿಸಿ ನೋಡಿ. ಆಮೇಲಷ್ಟೇ ಬಾಗಿಲು ಮುಚ್ಚಿ.

ಈ ತೆರೆದ ಬಾಗಿಲಿನ ಪರೀಕ್ಷೆ ಇನ್ನೊಂದಕ್ಕೂ ಉಪಯೋಗ. ಹಾನಗಲ್ ಅಂದರೆ ಮಲೆನಾಡಿನ ಸೆರಗು. ಆಷಾಢ ಬಂತೆಂದರೆ ಕದ ನೀರು ಕುಡಿದು ಉಬ್ಬುತ್ತದೆ, ಕೀಲಿ ಬಿಗಿಯಾಗುತ್ತದೆ, ಮನೆಯವರು ತೂತಿಗೆ ಕೊಬ್ಬರಿ ಎಣ್ಣೆ ಹಾಕುತ್ತಾರೆ. ಬಾಗಿಲು ತೆರೆದಿದ್ದಾಗ ಸಲೀಸಾಗಿ ತಿರುಗಿ, ಮುಚ್ಚಿದಾಗ ಮಾತ್ರ ಹಟ ಮಾಡಿದರೆ ತಪ್ಪು ಸಿಲಿಂಡರಿನದಲ್ಲ. ಚೌಕಟ್ಟಿನ ಪಟ್ಟಿಯ ತೂತನ್ನು ಅರದಿಂದ ಎರಡು ಮಿ.ಮೀ. ಅಗಲ ಮಾಡಿದರೆ ಸಾಕು. ಎಣ್ಣೆ ಧೂಳನ್ನು ಹಿಡಿದು ಅಂಟು ಮಾಡುತ್ತದೆ. ಅದರ ಬದಲು ಪೆನ್ಸಿಲಿನ ಸೀಸದ ಪುಡಿಯನ್ನು ಕೀಲಿಕೈಗೆ ಸವರಿ ನಾಲ್ಕು ಸಲ ಆಡಿಸಿ.

ಇಷ್ಟೆಲ್ಲ ಆಗಿ ರಾತ್ರಿ ನೋಡಿದರೆ ಅವ್ವ ಗುಂಡಿ ತಿರುಗಿಸಿ, ಮೇಲಿನ ಚಿಲಕ ಹಾಕಿ, ಕೆಳಗಿನ ಚಿಲಕವನ್ನೂ ಹಾಕಿದಳು. ಚಿಲಕ ಬಿದ್ದ ಮೇಲೆ ಹೊರಗಿನವರ ಕೈಯಲ್ಲಿ ಯಾವ ಕೀಲಿಕೈ ಇದ್ದರೇನು?

‘ಚಿಲಕ ಹಾಕ್ಲಿಲ್ಲಂದ್ರ ನಂಗ ನಿದ್ದಿ ಬರಂಗಿಲ್ಲ’ ಅಂದಳು.

ಇದಕ್ಕೆ ನನ್ನ ಹತ್ತಿರ ಮಿ.ಮೀ. ಲೆಕ್ಕದ ಉತ್ತರ ಇರಲಿಲ್ಲ. ಮನೆ ಅವಳದು, ರಾತ್ರಿ ಅವಳದು, ಹೆದರಿಕೆಯೂ ಅವಳದೇ. ಓಣಿಯ ಅಜ್ಜನ ಮಾತು ನಾನು ಎತ್ತಲಿಲ್ಲ, ಅವಳೇ ಎತ್ತಿದಳು. ಮರುದಿನ ರಾತ್ರಿ ಪಕ್ಕದ ಮನೆ ಕಾಕೂನ ಕರೆದು, ಒಳಗಿನಿಂದ ಗುಂಡಿಯಷ್ಟೇ ಎರಡು ಸುತ್ತು ತಿರುಗಿಸಿ, ಹೊರಗಿನಿಂದ ತೆಗೆಯಲು ಹೇಳಿದಳು. ತೆಗೆಯಿತು. ಕೀಲಿಕೈ ಇಲ್ಲದೆ ನೂಕಲು ನನಗೆ ಹೇಳಿದಳು. ಜಗ್ಗಲಿಲ್ಲ. ಕಡೆಗೆ ಹಿತ್ತಲ ಬಾಗಿಲಿಗೆ ಎರಡೂ ಚಿಲಕ, ಮುಂಬಾಗಿಲಿಗೆ ಗುಂಡಿ ಮಾತ್ರ ಅಂತ ತೀರ್ಮಾನವಾಯಿತು. ಮೊದಲ ವಾರ ಮುಂಬಾಗಿಲಿನ ಹಿಂದೆ ಒಂದು ತಾಮ್ರದ ಕೊಡವನ್ನೂ ಇಡುತ್ತಿದ್ದಳಂತೆ, ಯಾರಾದರೂ ನೂಕಿದರೆ ಸಪ್ಪಳಾಗಲಿ ಅಂತ. ಒಳ್ಳೆಯ ಅಲಾರಂ, ಬ್ಯಾಟರಿ ಬೇಡ.

ಇನ್ನು ಮೂರು ಕೀಲಿಕೈ ಯಾರಿಗೆ? ಸವಣೂರಿನ ಮಾವನಿಗೆ ಒಂದು ಕೊಡಬೇಕು, ಇಲ್ಲಾಂದ್ರೆ ಬ್ಯಾಸರ ಮಾಡಿಕೊಳ್ಳುತ್ತಾನೆ ಅಂತ ಅಣ್ಣ ಫೋನಿನಲ್ಲಿ ಹೇಳಿದ. ನಾನು ನನ್ನದೊಂದು ಅಂತ ಮೊದಲೇ ಎತ್ತಿಟ್ಟುಕೊಂಡಿದ್ದೆ. ಅವ್ವ ಮೂರನ್ನೂ ಕೈಯಲ್ಲಿ ಹಿಡಿದು ಯೋಚಿಸಿ, ಒಂದನ್ನು ಕಾಕೂಗೆ ಕೊಟ್ಟಳು. ಕಾಕೂನ ಮನೆಯವರು ಹಗಲು ಹೊಲದಲ್ಲಿರುತ್ತಾರೆ, ಅದಕ್ಕೇ ಇನ್ನೊಂದು ಹಿಂದಿನ ಓಣಿಯ ಟೇಲರಿಂಗ್ ಮಾಡುವ ಅಕ್ಕನಿಗೆ. ಅವಳು ಇಡೀ ದಿನ ಮಷೀನಿನ ಮುಂದೆಯೇ ಇರುತ್ತಾಳೆ. ಮೂರನೆಯದು ಅವಳ ಸೊಂಟಕ್ಕೆ.

‘ನಂಗ?’ ಅಂದೆ.

‘ನೀ ಬರೂವಾಗ ನಾ ಇರ್ತೇನಲ್ಲ.’

ಮಾವನಿಗೆ ಅವಳೇ ಫೋನು ಮಾಡಿದಳು. ‘ಅಣ್ಣಾ, ನೀ ಸವಣೂರಿಂದ ಬಸ್ ಹಿಡದು ಬರೂದ್ರಾಗ ನನ್ ಕಥಿ ಏನಾಗಿರ್ತತೋ’ ಅಂತ ನಕ್ಕು ಹೇಳಿದ್ದಕ್ಕೋ ಏನೋ, ಅವನು ಬ್ಯಾಸರ ಮಾಡಿಕೊಳ್ಳಲಿಲ್ಲ. ಬದಲಿಗೆ ತನ್ನ ಬಾಗಿಲಿನ ತೂತಿನ ಫೋಟೋ ಕಳಿಸಿ ‘ನಮ್ದೂ ಸಿಲಿಂಡರ್ ಚೇಂಜ್ ಆಗ್ತತೇನ?’ ಅಂತ ಕೇಳಿದ್ದಾನೆ. ಆಗಲ್ಲ, ಅದು ಲಿವರ್. ಇಡೀ ಲಾಕ್ ತೆಗೆದು, ಸಾಗವಾನಿಯಲ್ಲಿ ಉಳಿ ಹಾಕಿ ಮನೆ ಕೊರೆಯಬೇಕು. ಅದಕ್ಕೆ ಮಾತ್ರ ನಾನೂ ಬಡಿಗೇರರನ್ನೇ ಕರೆಯುವವಳು.